ಕಲ್ಲಿನ ಮೇಲಿನ ಹಲಸಿನ ಸೊಪ್ಪು

ಕಾಂತರಾಜುವಿನ ಬೆನ್ನಚೀಲದಲ್ಲಿ ಸೀರೆ ಇದೆ ಎಂದು ಗೊತ್ತಾದ ಮೇಲೆ ಶಶಿಕುಮಾರನಿಗೆ ಏರು ಏರೆನಿಸಲಿಲ್ಲ, ಇಳಿಜಾರು ಇಳಿಜಾರೆನಿಸಲಿಲ್ಲ. ಹಾಸನದಲ್ಲಿ ಬೆಳಿಗ್ಗೆ ಆರೂಕಾಲಿಗೆ, ಸ್ಟೇಡಿಯಂ ಗೇಟಿನ ಮುಂದೆ, ಬಾಯಿಂದ ಹೊಗೆ ಬರುವ ಚಳಿಯಲ್ಲಿ ಮೂವರೂ ಸೈಕಲ್ಲಿನ ಚಕ್ರದ ಗಾಳಿ ಒತ್ತಿ ನೋಡಿಕೊಳ್ಳುತ್ತಿದ್ದಾಗ ಅವನೇ ಬಾಯಿ ಹಾಕಿ ಕೇಳಿದ್ದು. ಕೇಳದೆ ಇದ್ದಿದ್ದರೆ ಇನ್ನೊಂದು ಮೂರು ಗಂಟೆಯಾದರೂ ನೆಮ್ಮದಿಯಾಗಿ ತುಳಿಯಬಹುದಿತ್ತು. "ಏನ್ ಕಾಂತಣ್ಣ, ಚೀಲ ಬೇರೆ? ಒಂದು ಬಾಳೆಹಣ್ಣು ಜಾಸ್ತಿ ಇಟ್ಕೊಂಡ್ರೂ ಏರಲ್ಲಿ ಭಾರ ಆಯ್ತದೆ ಅಂತ ಬೈಯೋನು ನೀನು." ಕಾಂತರಾಜು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಾ ನಕ್ಕ. ಐವತ್ತೆರಡರ ಆಳು, ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು, ನಕ್ಕರೆ ಆಚೆ ಬೀದಿಯ ನಾಯಿಗೂ ಎಚ್ಚರವಾಗಬೇಕು. "ಸೀರೆ ಕಣ್ಲಾ ಶಶಿ. ಗುಡ್ಡೆಕೊಪ್ಪಲಿನ ಆ ಅಣ್ಣಮ್ಮ ಅನ್ನೋಳಿಗೆ. ನಾನು ಅವಳ ಹುರುಳಿ ಕಣದಾಗೆ ಬಿದ್ದು ಈ ವಾರಕ್ಕೆ ಒಂದು ವರ್ಷ ಆಯ್ತು. ಪಾಪ, ಆ ವಿಡಿಯೊ ಜಿಲ್ಲೆಯೆಲ್ಲ ಓಡಾಡಿ ಅವಳ ಮಾನ ಹರಾಜಾಗೋಯ್ತು. ಸೀರೆ ಕೊಟ್ಟು, ಕ್ಷಮಿಸಿದೀನಿ ಕಣಮ್ಮ ಅಂತ ಒಂದು ಮಾತು ಹೇಳ್ಬಿಟ್ಟು ಬರೋಣ. ಮನು ಅದನ್ನೂ ಒಂದು ವಿಡಿಯೊ ಮಾಡ್ಲಿ." ಮನು ಮೂವರಲ್ಲಿ ಚಿಕ್ಕವನು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ಹೋದ ವರ್ಷ ಆ ವಿಡಿಯೊ ಹಿಡಿದವನೂ ಅವನೇ. "ಸೂಪರ್ ಅಣ್ಣ" ಎಂದ. ಶಶಿಕುಮಾರನೂ "ಒಳ್ಳೇದು" ಎಂದ. ಎಂಥ ಸಲೀಸಾಗಿ ಬಂತು ಮಾತು! ನಾಲಿಗೆಗೆ ಮೂಳೆಯಿಲ್ಲ ನೋಡಿ, ಎತ್ತ ಬೇಕಾದರೂ ಹೊರಳುತ್ತದೆ.

ಗೊರೂರು, ಅರಕಲಗೂಡು, ಹೊಳೆನರಸೀಪುರ ಸುತ್ತಿಕೊಂಡು ಮಧ್ಯಾಹ್ನದ ಊಟಕ್ಕೆ ವಾಪಸ್ಸು ಹಾಸನ. ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಭಾನುವಾರ ಬಂತೆಂದರೆ ಹೀಗೆ ಒಂದು ದಾರಿ. ಒಂದು ವಾರ ಕಟ್ಟಾಯದ ಕಡೆ, ಒಂದು ವಾರ ಚನ್ನರಾಯಪಟ್ಟಣ ದಾಟಿ ಶ್ರವಣಬೆಳಗೊಳ. ಈ ದಾರಿಗೆ ಮಾತ್ರ ಒಂದು ವರ್ಷದಿಂದ ಬಂದಿರಲಿಲ್ಲ. ಬಾರದ ಹಾಗೆ ನೋಡಿಕೊಂಡವನು ಶಶಿಕುಮಾರ. ಅರಕಲಗೂಡಿನಾಚೆ ರಸ್ತೆ ಅಗೆದಿದ್ದಾರಂತೆ ಅನ್ನುವನು, ಕಬ್ಬಿನ ಲಾರಿಗಳ ಕಾಟ ಅನ್ನುವನು, ನಾಯಿ ಅಟ್ಟಿಸಿಕೊಂಡು ಬರುತ್ತವಂತೆ ಅನ್ನುವನು. ಇಲ್ಲದ ನಾಯಿಗಳನ್ನು ಒಂದು ವರ್ಷ ಸಾಕಿದ ಪುಣ್ಯಾತ್ಮ. ಈಗ ಆ ರಸ್ತೆ ತಾನಾಗಿ ಚಕ್ರದ ಕೆಳಗೆ ಬಂದು ಬಿಚ್ಚಿಕೊಳ್ಳುತ್ತಿತ್ತು, ಮಂಜಿನೊಳಗಿಂದ ಒಂದೊಂದೇ ಮೈಲಿಗಲ್ಲು ಎದ್ದು ಬರುತ್ತಿತ್ತು.

ಕಾಂತರಾಜು ಮುಂದೆ, ಶಶಿಕುಮಾರ ನಡುವೆ, ಮನು ಹಿಂದೆ. ಚಕ್ರಕ್ಕೂ ಚಕ್ರಕ್ಕೂ ನಡುವೆ ಒಂದು ಗೇಣು. ಹೀಗೆ ಹೋದರೆ ಮುಂದಿನವನು ಗಾಳಿಗೆ ಎದೆ ಕೊಡುತ್ತಾನೆ, ಹಿಂದಿನವರು ಅವನ ಬೆನ್ನಿನ ಮರೆಯಲ್ಲಿ ಸುಖವಾಗಿ ತುಳಿಯುತ್ತಾರೆ. ಒಂದೆರಡು ಮೈಲಿಗೆ ಅವನು ಪಕ್ಕಕ್ಕೆ ಸರಿದು ಹಿಂದಾಗಬೇಕು, ಇನ್ನೊಬ್ಬ ಮುಂದೆ ಬರಬೇಕು. ಒಂದೇ ತೊಂದರೆಯೆಂದರೆ ಹಿಂದಿನವನಿಗೆ ರಸ್ತೆ ಕಾಣುವುದಿಲ್ಲ. ಮುಂದಿನವನ ಬೆನ್ನು ಕಾಣುತ್ತದೆ, ಸೊಂಟ ಕಾಣುತ್ತದೆ, ಅಷ್ಟೆ. ಆದ್ದರಿಂದ ಮುಂದಿನವನು ಗುಂಡಿ ಕಂಡರೆ ಆ ಬದಿಯ ಕೈಯನ್ನು ಕೆಳಗೆ ಚಾಚಿ ತೋರಿಸಬೇಕು. ರಸ್ತೆಯ ಅಂಚಿನಲ್ಲಿ ಏನಾದರೂ ಅಡ್ಡ ಇದ್ದರೆ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಬೀಸಬೇಕು. ಯಾರೂ ಬರೆದಿಟ್ಟ ಕಾನೂನಲ್ಲ ಇದು, ವರ್ಷಗಟ್ಟಲೆ ಜೊತೆಗೆ ತುಳಿದವರ ಕೈ ತಾನಾಗಿ ಹೋಗುತ್ತದೆ, ತುತ್ತು ಕಲೆಸಿದ ಕೈ ಬಾಯಿ ಹುಡುಕಿಕೊಂಡು ಹೋದ ಹಾಗೆ. ಶಶಿಕುಮಾರನ ಕೈ ಹತ್ತು ವರ್ಷದಲ್ಲಿ ಒಂದೇ ಒಂದು ಸಲ ಹೋಗಲಿಲ್ಲ. ಹೋಗಲಿಲ್ಲವೋ, ತಾನು ಕಳಿಸಲಿಲ್ಲವೋ, ಅದು ಅವನಿಗೆ ಈವತ್ತಿಗೂ ಬಗೆಹರಿದಿಲ್ಲ.

ಎದುರಿಗೆ ಕಾಂತರಾಜುವಿನ ಬೆನ್ನು. ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ಒಳಗೆ ಕಾಲರ್ ಬೋನಿಗೆ ಉಕ್ಕಿನ ಪಟ್ಟಿ ಇಟ್ಟು ಏಳು ಸ್ಕ್ರೂ ಬಿಗಿದಿದ್ದಾರೆ. ಗೊತ್ತಿಲ್ಲದವರಿಗೆ ಅದು ಕಾಣುವುದಿಲ್ಲ, ಶಶಿಕುಮಾರನಿಗೆ ಅದು ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರು ತಿಂಗಳು ಅವನೇ ತನ್ನ ಕಾರಿನಲ್ಲಿ ಕಾಂತರಾಜುವನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿದ್ದ. ಕೈಯೆತ್ತಲಾಗದವನಿಗೆ ಅಂಗಿಯ ತೋಳು ಏರಿಸಿದ್ದ, ತಲೆ ಬಾಚಿದ್ದ. ಒಂದು ದಿನ ಕಾಂತರಾಜುವಿನ ಹೆಂಡತಿ ರೂಪಶ್ರೀ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, "ಒಡಹುಟ್ಟಿದೋರೂ ಇಷ್ಟು ಮಾಡಲ್ಲ ಶಶಿಯಣ್ಣ, ಯಾವ ಜನ್ಮದ ಋಣವೋ" ಎಂದಾಗ ಅವನು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೋಗಿದ್ದ. ಬೈದಿದ್ದರೆ ಕುಡಿದು ಮುಗಿಸಿರುತ್ತಿದ್ದ. ಹೊಗಳಿಕೆಯ ಮುಂದೆ ಕೂತುಕೊಳ್ಳಲು ಅವನಿಗಾಗಲಿಲ್ಲ. ಮಾರನೆಯ ದಿನ ಇನ್ನೂ ಹದಿನೈದು ನಿಮಿಷ ಮುಂಚೆ ಕಾರು ತಂದು ನಿಲ್ಲಿಸಿದ್ದ, ಇನ್ನೇನು ಮಾಡಿಯಾನು.

ಗೊರೂರಿನಲ್ಲಿ ಅಣೆಕಟ್ಟೆಯ ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಹೋದ ವರ್ಷ ಕೂತ ಅದೇ ಹೋಟೆಲಿನ ಅದೇ ಬೆಂಚಿನ ಮೇಲೆ ಮೂವರೂ ಕೂತರು. ಇಡ್ಲಿಗೆ ಅವರೆಕಾಳಿನ ಸಾಗು, ಸೊಗಡು ಮೂಗಿಗೆ ಅಡರುತ್ತಿತ್ತು. ಹೋದ ವರ್ಷವೂ ಸಾಗುವೇ. ಆವತ್ತು ಕಾಂತರಾಜು ಬಾಯಿ ತುಂಬ ಇಡ್ಲಿ ಇಟ್ಟುಕೊಂಡು, ಮೀನು ಹಿಡಿಯುವವರು, ನೀರಾವರಿ ಆಫೀಸಿನ ಇಬ್ಬರು, ಹೋಟೆಲಿನವನು ಎಲ್ಲ ಕೇಳುವ ಹಾಗೆ ಹೇಳಿದ್ದ: "ನಮ್ ಶಶಿ ಅವ್ನಲ್ಲ, ಇವನು ಗಾಳಿಕಳ್ಳ ಕಣ್ರಪ್ಪ! ಹಾಸನದಿಂದ ಇಲ್ಲೀಗಂಟ ನನ್ನ ಬೆನ್ನಿಗೇ ಅಂಟ್ಕೊಂಡು ಬಂದವ್ನೆ. ನಾನು ಗಾಳಿ ಸೀಳಬೇಕು, ಇವನು ಸುಖ ಪಡಬೇಕು. ಹತ್ತು ವರ್ಷದಿಂದ ಇದೇ ಕತೆ. ಕನ್ನಡಕದ ಅಂಗಡೀಲಿ ಕೂತು ಕೂತು ಎದೆ ಅನ್ನೋದೇ ಇಲ್ಲ ಇವನಿಗೆ." ಎಲ್ಲರೂ ನಕ್ಕರು. ಶಶಿಕುಮಾರನೂ ನಕ್ಕ. ಕಾಂತರಾಜುವಿಗೆ ಅದು ತಮಾಷೆ, ಅವನು ಹೀಗೆ ದಿನಕ್ಕೆ ಹತ್ತು ಜನರನ್ನು ಆಡಿಕೊಳ್ಳುವವನು, ಆಡಿಕೊಂಡವರಿಗೇ ಹೋಳಿಗೆ ಕಟ್ಟಿಕೊಡುವವನು. ಆದರೆ ಶಶಿಕುಮಾರನಿಗೆ ಕಿವಿಯಿಂದ ಕತ್ತಿನವರೆಗೆ ಉರಿ ಹತ್ತಿತು. ಮಾತು ಸುಳ್ಳಾಗಿದ್ದರೆ ಉರಿಯುತ್ತಿರಲಿಲ್ಲ. ಅವನು ಮುಂದೆ ಹೋಗಲು ಹೆದರುವವನೇ. ಬರೀ ಸೈಕಲ್ಲಿನಲ್ಲಲ್ಲ, ಮದುವೆ ಮನೆಯ ಪಂಕ್ತಿಯಲ್ಲಿ, ಅಂಗಡಿ ಬೀದಿಯವರ ಸಭೆಯಲ್ಲಿ, ಎಲ್ಲ ಕಡೆಯೂ ಯಾರದಾದರೂ ಬೆನ್ನು ಹುಡುಕುವವನು. ಅದನ್ನು ಕಾಂತರಾಜು ಸಾಗು ನೆಕ್ಕುತ್ತಾ ಊರ ಮುಂದೆ ಆಡಿಬಿಟ್ಟಿದ್ದ.

"ಯಾಕ್ಲಾ ಶಶಿ, ಇಡ್ಲಿ ತಿನ್ತಾ ಇಲ್ಲ?" ಕಾಂತರಾಜು ಈಗ ಕೇಳಿದ. "ಹಸಿವಿಲ್ಲ ಕಾಂತಣ್ಣ." "ತಿನ್ನು ತಿನ್ನು, ಅರಕಲಗೂಡಿನಾಚೆ ದಿಣ್ಣೆ ಮೇಲೆ ದಿಣ್ಣೆ. ಹಸಿದು ಏರಿದ್ರೆ ಕಾಲು ನಡುಗ್ತವೆ." ತನ್ನ ತಟ್ಟೆಯ ವಡೆಯನ್ನು ಎತ್ತಿ ಶಶಿಕುಮಾರನ ತಟ್ಟೆಗೆ ಹಾಕಿದ. ಎಡಗೈಯಲ್ಲೇ ಹಾಕಿದ, ಕೈ ಎಷ್ಟು ಚೆನ್ನಾಗಿ ಬರುತ್ತಿದೆ ಎಂದು ತೋರಿಸಲು. ಹೇಳಿಬಿಡಬೇಕು, ಈಗಲೇ, ಈ ವಡೆ ತಿನ್ನುವುದರೊಳಗೆ ಹೇಳಿಬಿಡಬೇಕು ಎಂದುಕೊಂಡ ಶಶಿಕುಮಾರ. ವಡೆ ಮುಗಿಯಿತು. ಟೀ ಬಂತು. ಟೀ ಮುಗಿಯುವುದರೊಳಗೆ ಎಂದುಕೊಂಡ. ಮನು ಫೋನಿನಲ್ಲಿ ಏನೋ ತೋರಿಸಿದ, ಕಾಂತರಾಜು ನಕ್ಕ, ಹೋಟೆಲಿನವನು ಲೋಟ ಎತ್ತಿಕೊಂಡು ಹೋದ. ಒಂದು ವರ್ಷದಲ್ಲಿ ಇಂಥ ಎಷ್ಟು ಲೋಟಗಳು ಖಾಲಿಯಾದವೋ.

ಅವನ ಅಂಗಡಿಗೆ ಬರುವವರೂ ಬಿಟ್ಟಿರಲಿಲ್ಲ. ಆ ವಿಡಿಯೊ ಹೊಸದರಲ್ಲಿ, ಕಣ್ಣು ತೋರಿಸಲು ಬಂದ ಗಿರಾಕಿ ಅಕ್ಷರದ ಬೋರ್ಡಿನ ಮುಂದೆ ಕೂತುಕೊಂಡೇ, "ಸಾರ್, ಇದ್ರಲ್ಲಿ ಇರೋದು ನಿಮ್ಮ ಸ್ನೇಹಿತರಂತೆ?" ಎಂದು ಫೋನು ಮುಂದೆ ಹಿಡಿಯುವನು. ಒಂದು ನಿಮಿಷದ ವಿಡಿಯೊ. ಟಾರು ರಸ್ತೆ, ಹರಡಿದ ಹುರುಳಿ, ಬಿದ್ದ ಸೈಕಲ್ಲು, ಹಲ್ಲು ಕಚ್ಚಿ ನರಳುವ ಕಾಂತರಾಜು. ಆಮೇಲೆ ಅರವತ್ತರ ಒಬ್ಬ ಹೆಂಗಸು ಕೈ ಮುಗಿದುಕೊಂಡು, "ಸೊಪ್ಪು ಮಡಗಿದ್ದೆ ಸಾ, ಕಲ್ಲಿನ ಮ್ಯಾಲೆ ಅಲಸಿನ ಸೊಪ್ಪು ಮಡಗಿದ್ದೆ" ಎನ್ನುತ್ತಾಳೆ. ಆಗ ವಿಡಿಯೊದಲ್ಲಿ ಮುಖ ಕಾಣದ ಒಬ್ಬನ ದನಿ: "ಎಲ್ಲಿತ್ತಮ್ಮ ಸೊಪ್ಪು? ಮುಂದೆ ಇದ್ದೋನು ನಾನು. ಸೊಪ್ಪೂ ಇಲ್ಲ ಗಿಪ್ಪೂ ಇಲ್ಲ. ಸುಳ್ಳು ಹೇಳಬೇಡಿ." ಹೆಂಗಸು ಆ ದನಿಯ ಕಡೆ ಒಂದು ಗಳಿಗೆ ನೋಡಿ, "ತಪ್ಪಾಯ್ತು ಸಾ" ಎನ್ನುತ್ತಾಳೆ. ಅಷ್ಟೆ, ಮುಗಿಯಿತು. ಗಿರಾಕಿಗೆ ಆ ದನಿ ಯಾರದೆಂದು ಗೊತ್ತಾಗುತ್ತಿರಲಿಲ್ಲ. "ಈ ಹಳ್ಳಿಯೋರು ಹಿಂಗೇ ಸಾರ್, ರಸ್ತೆಯನ್ನ ಮನೆ ಅಂಗಳ ಮಾಡ್ಕೊಂಡವ್ರೆ" ಎನ್ನುವನು. ಶಶಿಕುಮಾರ ಗಾಜು ಬದಲಾಯಿಸುತ್ತಾ, "ಈಗ ಕೆಳಗಿನ ಸಾಲು ಓದಿ" ಎನ್ನುವನು.

ಅರಕಲಗೂಡು ದಾಟಿದ ಮೇಲೆ ಬಿಸಿಲು ಚುರುಕಾಯಿತು. ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗಳು, ಅಗೆದು ಗುಡ್ಡೆ ಹಾಕಿದ ಶುಂಠಿ, ಅದರ ಘಾಟು. ರಸ್ತೆ ಒಂದು ದಿಣ್ಣೆ ಹತ್ತಿ ಇಳಿದರೆ ಎದುರಿಗೆ ಇನ್ನೊಂದು ದಿಣ್ಣೆ ಕಾದು ಕೂತಿರುತ್ತಿತ್ತು. ಹತ್ತುವಾಗ ಯಾರಿಗೂ ಮಾತಿಲ್ಲ, ಉಸಿರು ಮಾತ್ರ. ಈ ಉಸಿರಿಗಾಗಿಯೇ ಶಶಿಕುಮಾರ ಸೈಕಲ್ಲು ಹಿಡಿದವನು. ಏರಿನಲ್ಲಿ ಮನಸ್ಸು ಮುಚ್ಚಿಕೊಳ್ಳುತ್ತದೆ, ತೊಡೆ ಮಾತ್ರ ಇರುತ್ತದೆ, ಜಗತ್ತಿಗೆ ಯಾವ ಲೆಕ್ಕವನ್ನೂ ಒಪ್ಪಿಸಬೇಕಾಗಿರುವುದಿಲ್ಲ. ಇವತ್ತು ಮನಸ್ಸು ಮುಚ್ಚಲಿಲ್ಲ. ಆವತ್ತೂ ಇದೇ ಏರು, ಅವನು ಮುಂದೆ. ಹೋಟೆಲಿನಿಂದ ಎದ್ದವನೇ, ಬಾ ನೋಡುವಂತೆ ಯಾರು ಗಾಳಿಕಳ್ಳ ಎಂದು, ಇಪ್ಪತ್ತೈದು ಕಿಲೋಮೀಟರು ಒಬ್ಬನೇ ಗಾಳಿ ಸೀಳಿಕೊಂಡು ಬಂದಿದ್ದ. ಕಾಂತರಾಜು ಹಿಂದಿನಿಂದ "ಸಾಕು ಬಾರೋ ಹಿಂದಕ್ಕೆ, ಸತ್ತೋಗ್ತೀಯ" ಎಂದು ಕೂಗಿದರೂ ಬಿಟ್ಟುಕೊಟ್ಟಿರಲಿಲ್ಲ. ಎದೆ ಒಡೆದುಹೋಗುವ ಹಾಗಿತ್ತು, ಆದರೂ ಒಂದು ಬಗೆಯ ಖುಷಿಯಿತ್ತು. ಕಾಂತರಾಜುವಿನ ಏದುಸಿರು ಬೆನ್ನಿಗೆ ಕೇಳುತ್ತಿತ್ತು.

ದಿಣ್ಣೆ ಇಳಿದರೆ ಗುಡ್ಡೆಕೊಪ್ಪಲು. ಇಳಿಜಾರಿನ ಕೊನೆಗೆ ರಸ್ತೆಯ ಮುಕ್ಕಾಲು ಅಗಲಕ್ಕೆ ಹುರುಳಿ ಗಿಡ ಹರಡಿದ್ದರು. ಸುಗ್ಗಿಯಲ್ಲಿ ಈ ಕಡೆ ಇದು ಮಾಮೂಲು. ಬಸ್ಸು ಲಾರಿ ಮೇಲೆ ಹಾಯುತ್ತಾ ಹಾಯುತ್ತಾ ಕಾಳು ಬಿಡಿಸಿಕೊಡುತ್ತವೆ, ಕಣ ಮಾಡುವ ಕೆಲಸ ತಪ್ಪುತ್ತದೆ. ಗಾಡಿಗಳು ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳದಿರಲಿ ಎಂದು ಖಾಲಿ ಉಳಿದ ಅಂಚಿಗೆ ಒಂದು ಕಲ್ಲು ಇಡುತ್ತಾರೆ, ಕಲ್ಲು ದೂರದಿಂದ ಕಾಣಲಿ ಎಂದು ಅದರ ಮೇಲೆ ಹಸಿರು ಸೊಪ್ಪು. ಹುರುಳಿಯ ಮೇಲೆ ಸೈಕಲ್ಲು ಹತ್ತಿಸಿದರೆ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಶಶಿಕುಮಾರ ಆ ಖಾಲಿ ಅಂಚನ್ನೇ ಹಿಡಿದ. ಸೊಪ್ಪು ಕಂಡಿತು. ಚೆನ್ನಾಗಿಯೇ ಕಂಡಿತು, ಒಂದು ಹಲಸಿನ ಕೊಂಬೆ, ದಪ್ಪ ಹಸಿರು ಎಲೆ. ಸೊಂಟ ತಿರುಗಿಸಿ ಒಂದು ಗೇಣು ಬಲಕ್ಕೆ ಸರಿದು ದಾಟಿದ. ಎಡಗೈ ಹ್ಯಾಂಡಲ್ಲಿನ ಮೇಲೇ ಇತ್ತು. ಇಳಿಜಾರಿನ ವೇಗಕ್ಕೆ ಹೆದರಿ ಹ್ಯಾಂಡಲ್ಲು ಬಿಡಲಿಲ್ಲವೆ? ಬ್ರೇಕಿನ ಮೇಲೆ ಬೆರಳಿತ್ತೆ? ಇಲ್ಲ, ನೋಡಿಕೊಳ್ಳಲಿ ದೊಡ್ಡ ಎದೆಯವನು ಎಂದು ಅನ್ನಿಸಿತ್ತೆ? ಅರ್ಧ ಸೆಕೆಂಡು ಇರಬಹುದು. ಹಿಂದೆ ಕಬ್ಬಿಣ ಟಾರಿಗೆ ಉಜ್ಜಿದ ಸದ್ದು, ಆಮೇಲೆ ಕಾಂತರಾಜುವಿನ ಗಂಟಲಿನಿಂದ ಬಂದ ಒಂದು ಸದ್ದು. ಆ ಸದ್ದನ್ನು ಶಶಿಕುಮಾರ ಹೆಂಡತಿಗೂ ವಿವರಿಸಿ ಹೇಳಿಲ್ಲ.

ಓಡಿ ಬಂದು ನೋಡಿದಾಗ ಕೊಂಬೆ ಹಾರಿ ಮೋರಿಯ ಪಕ್ಕಕ್ಕೆ ಬಿದ್ದಿತ್ತು. ಮನು ಒಂದು ಕೈಯಲ್ಲಿ ಕಾಂತರಾಜುವಿನ ತಲೆ, ಇನ್ನೊಂದರಲ್ಲಿ ಫೋನು ಹಿಡಿದುಕೊಂಡಿದ್ದ, ಜನ ಕೂಡುತ್ತಿದ್ದರು, ಯಾರೋ ಪೋಲೀಸು ಎನ್ನುತ್ತಿದ್ದರು. ಒಂದು ಕಂದು ಮೇಕೆ ಬಂದು ಆ ಹಲಸಿನ ಎಲೆಗಳನ್ನು ಒಂದೊಂದಾಗಿ ಎಳೆದು, ಅವಸರವಿಲ್ಲದೆ, ಕಣ್ಣು ಅರೆ ಮುಚ್ಚಿ ಮೇಯತೊಡಗಿತು. ಶಶಿಕುಮಾರ ಅದನ್ನು ನೋಡುತ್ತಾ ನಿಂತ. ಅಟ್ಟಬಹುದಿತ್ತು, ಒಂದು ಎಲೆ ಎತ್ತಿ ಹಿಡಿಯಬಹುದಿತ್ತು. ಮೇಕೆ ಕೊನೆಯ ಎಲೆಯನ್ನು ನುಂಗಿದ ಮೇಲೆ, ಅಣ್ಣಮ್ಮ "ಸೊಪ್ಪು ಮಡಗಿದ್ದೆ" ಎಂದಳು. ಆಗ ಶಶಿಕುಮಾರ ವಿಡಿಯೊದಲ್ಲಿರುವ ಆ ಮಾತಾಡಿದ.

ಈ ವರ್ಷ ರಸ್ತೆ ಖಾಲಿಯಿತ್ತು. ಊರ ಬಾಯಲ್ಲಿ ಪಂಚಾಯಿತಿಯವರು ಒಂದು ತಗಡು ನೆಟ್ಟಿದ್ದರು: ರಸ್ತೆಯಲ್ಲಿ ಒಕ್ಕಣೆ ನಿಷೇಧಿಸಿದೆ. ಮನೆ ಮುಂದಿನ ಒಂದಿಷ್ಟು ಜಾಗದಲ್ಲಿ ಅಣ್ಣಮ್ಮ ಹುರುಳಿ ಗುಡ್ಡೆ ಹಾಕಿಕೊಂಡು ಕೋಲಿನಿಂದ ಬಡಿಯುತ್ತಿದ್ದಳು, ಹೊಟ್ಟು ಹಾರಿ ತಲೆಯೆಲ್ಲ ಬೂದಿಯಾಗಿತ್ತು. ಜಗುಲಿಯ ಮೇಲೆ ಗಂಡ ಬೀರಲಿಂಗಯ್ಯ, ಎಪ್ಪತ್ತರ ಹತ್ತಿರದ ಮುದುಕ, ಹಗ್ಗ ಹೊಸೆಯುತ್ತಾ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಮೂರು ಸೈಕಲ್ಲು ನಿಂತದ್ದು ಕಂಡು ಅಣ್ಣಮ್ಮ ಕೋಲು ಕೆಳಗಿಟ್ಟಳು.

"ಗುರುತು ಸಿಕ್ತಾ ಅಮ್ಮ?" ಕಾಂತರಾಜು ಕೇಳಿದ.

"ಸಿಗ್ದೆ ಏನ್ ಸಾ. ಭುಜ ಎಂಗೈತೆ?"

"ಚೆನ್ನಾಗೈತೆ. ನೋಡು, ಸೈಕಲ್ ಮೇಲೇ ಬಂದಿದೀನಿ."

"ಒಳ್ಳೇದಾತು ಬುಡಿ" ಎಂದಳು. ನಿಜವಾಗಿಯೂ ಹಾಗೆ ಅನ್ನಿಸಿದವಳ ಹಾಗೆಯೇ ಅಂದಳು. ಅಷ್ಟರಲ್ಲಿ ಮನು ಫೋನು ಎತ್ತಿ ಹಿಡಿದ. ಫೋನು ಕಂಡದ್ದೇ ತಡ, ಯಾರೂ ಕೇಳಲಿಲ್ಲ, ಹೇಳಲಿಲ್ಲ, ಅಣ್ಣಮ್ಮನ ಎರಡೂ ಕೈ ತಾವಾಗಿ ಮೇಲೆದ್ದು ಜೋಡಿಕೊಂಡವು. ಅಯ್ಯೋ, ಇದನ್ನು ಕಲಿಸಿದವನು ನಾನು ಎಂದುಕೊಂಡ ಶಶಿಕುಮಾರ.

"ಕೈ ಮುಗೀಬೇಡಮ್ಮ, ಕೈ ಇಳಿಸು" ಎಂದ ಕಾಂತರಾಜು, ಚೀಲದಿಂದ ಸೀರೆ ತೆಗೆಯುತ್ತಾ. ಹಸಿರು ಸೀರೆ, ಕೆಂಪು ಅಂಚು, ಮೇಲೊಂದು ಜೊತೆ ಬಾಳೆಹಣ್ಣು. "ನನ್ನ ಮನಸ್ಸಲ್ಲಿ ಏನೂ ಇಲ್ಲ. ಆದದ್ದು ಆಯ್ತು. ನಿನ್ನ ಕ್ಷಮಿಸಿದೀನಿ. ಇದನ್ನ ಉಟ್ಕೊ."

ಅಣ್ಣಮ್ಮ ಸೀರೆಯನ್ನು ನೋಡಿದಳು, ಮುಟ್ಟಲಿಲ್ಲ. "ಸೀರೆ ಬ್ಯಾಡ ಸಾ."

"ಯಾಕಮ್ಮ?"

"ಈಸ್ಕಂಡ್ರೆ ತಪ್ಪು ಒಪ್ಕಂಡಂಗಾಯ್ತದೆ. ಆವತ್ತು ಪೋಲೀಸ್ನೋರು ಬತ್ತಾರೆ ಅಂದ್ರಲ್ಲ, ಎದ್ರಿಕೆಗೆ ತಪ್ಪಾಯ್ತು ಅಂದ್ಬುಟ್ಟೆ. ನಾನು ಸೊಪ್ಪು ಮಡಗಿದ್ದೆ ಸಾ. ಈ ಕೈಯಾರೆ ಮಡಗಿದ್ದೆ."

"ಹೋಗ್ಲಿ ಬಿಡಮ್ಮ, ಆ ಮಾತು ಈಗ್ಯಾಕೆ" ಎಂದ ಕಾಂತರಾಜು. ಅವನ ಮುಖ ಸಣ್ಣಗಾಗಿತ್ತು. ಒಳ್ಳೆಯದು ಮಾಡಲು ಬಂದವನಿಗೆ ಹೀಗಾಗಬಾರದು.

"ನಿಮ್ಗೆ ಓಗ್ಲಿ ಸಾ. ನನ್ಗೆ ಎಲ್ಲಿಗೋಗ್ಲಿ? ನಿನ್ನಿಂದ ರೋಡಿಗೆ ಆಕೋ ಅಂಗಿಲ್ಲ, ಕೈ ಬೊಬ್ಬೆ ಬರಂಗೆ ಬಡೀಬೇಕಾಯ್ತು ಅಂತ ಊರೋರು ಬೈತಾರೆ. ಅದೂ ಓಗ್ಲಿ, ಬೈಲಿ. ಕಟ್ಕಂಡೋರೇ ನಂಬ್ನಿಲ್ಲ. ಊರ ಮುಂದೆ ತಲೆ ತಗ್ಸಂಗೆ ಮಾಡ್ದೆ, ಅದ್ರ ಮ್ಯಾಲೆ ಸುಳ್ಳು ಬ್ಯಾರೆ ಯೋಳ್ದೆ ಅಂದ್ರು. ಒಂದ್ ವರ್ಸಾತು, ಇಕ್ಕಿದ್ರೆ ಉಣ್ತಾರೆ. ನನ್ ಕೂಡೆ ಮಾತಿಲ್ಲ ಕತೆಯಿಲ್ಲ." ಅಷ್ಟು ಹೇಳಿ ಜಗುಲಿಯ ಕಡೆ ನೋಡಿದಳು. ಬೀರಲಿಂಗಯ್ಯ ಹಗ್ಗ ಹೊಸೆಯುತ್ತಲೇ ಇದ್ದ. ಕಿವಿ ಮಂದವೋ, ಕೇಳಿಯೂ ಕೇಳದ ಹಾಗಿದ್ದನೋ.

"ಇತ್ತು" ಎಂದ ಶಶಿಕುಮಾರ.

ಯಾರಿಗೂ ಕೇಳಿಸಲಿಲ್ಲ. ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸೊಪ್ಪು ಇತ್ತು ಕಾಂತಣ್ಣ."

"ಏನಂದೆ?"

"ಕಲ್ಲಿನ ಮೇಲೆ ಹಲಸಿನ ಸೊಪ್ಪಿತ್ತು. ನೋಡ್ದೆ. ನೋಡಿ ನಾನು ತಪ್ಪಿಸ್ಕೊಂಡೆ, ನಿನಗೆ ಕೈ ತೋರಿಸ್ಲಿಲ್ಲ. ನೀನು ಬಿದ್ದ ಮೇಲೆ ಮೇಕೆ ಆ ಸೊಪ್ಪು ತಿಂತಾ ಇತ್ತು, ಅದನ್ನೂ ನೋಡ್ದೆ. ಆಮೇಲೆ ಇಲ್ಲ ಅಂದೆ."

ಕಾಂತರಾಜು ಸೀರೆ ಹಿಡಿದುಕೊಂಡೇ ನಿಂತಿದ್ದ. ನಗುವ ಬಾಯಿ ಅರ್ಧ ತೆರೆದಿತ್ತು, ಇದು ತಮಾಷೆ ಎಂದು ಯಾರಾದರೂ ಹೇಳಲಿ ಎಂದು ಕಾಯುವ ಹಾಗೆ. ಕೊನೆಗೆ, ಮೆತ್ತಗೆ, "ಮರೆತೋಗಿರ್ತೀಯ" ಎಂದ. "ಇಳಿಜಾರು, ಸುಸ್ತಾಗಿದ್ದೆ ನೀನು, ಕೈ ತೋರ್ಸೋದು ಮರೆತೋಗಿರ್ತೀಯ. ಅಷ್ಟೇ ಅಲ್ವೇನ್ಲಾ?" ಇಂಥ ಮನುಷ್ಯ ಅವನು. ಬಾಗಿಲನ್ನು ತಾನೇ ತೆರೆದು ಹಿಡಿದು ನಿಂತಿದ್ದ, ಹೂಂ ಅಂದರೆ ಸಾಕು, ಶಶಿಕುಮಾರ ನುಸುಳಿ ಆಚೆ ಹೋಗಬಹುದಿತ್ತು, ಮುಂದಿನ ಭಾನುವಾರ ಶ್ರವಣಬೆಳಗೊಳಕ್ಕೆ ಜೊತೆಗೇ ತುಳಿಯಬಹುದಿತ್ತು. ಹೂಂ ಎಂಬುದು ಅವನ ಗಂಟಲವರೆಗೆ ಬಂದೂ ಇತ್ತು.

"ಗೊತ್ತಿಲ್ಲ ಕಾಂತಣ್ಣ. ಗೊರೂರಲ್ಲಿ ಎಲ್ಲರೆದುರಿಗೆ ಗಾಳಿಕಳ್ಳ ಅಂದಿದ್ದೆ. ಸಿ‌ಟ್ಟಿತ್ತು ನನಗೆ."

ಕಾಂತರಾಜು ಸೀರೆಯನ್ನು ಜಗುಲಿಯ ಅಂಚಿಗಿಟ್ಟು, ಬಾಳೆಹಣ್ಣು ಉರುಳದ ಹಾಗೆ ಸರಿಮಾಡಿ, ರಸ್ತೆಯ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿ ಬೆನ್ನು ಹಾಕಿ ನಿಂತುಕೊಂಡ. ಬೈಯಲಿ, ಒಂದು ಏಟು ಹಾಕಲಿ ಎಂದು ಶಶಿಕುಮಾರ ಕಾದ. ಬಿಸಿಲಿಗೆ ಹುರುಳಿ ಕಾಯಿ ಪಟಪಟನೆ ಸಿಡಿಯುತ್ತಿದ್ದವು.

ಅಣ್ಣಮ್ಮನ ಮುಖದಲ್ಲಿ ಖುಷಿಯೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಮನುವಿನ ಕೈಯಲ್ಲಿ ಇಳಿದುಹೋಗಿದ್ದ ಫೋನಿನ ಕಡೆ ಬೆರಳು ಮಾಡಿ, "ಅದ್ರಾಗೆ ಯೋಳಿ ಸಾ" ಎಂದಳು. ಮನು ಯಾರ ಮಾತು ಕೇಳಬೇಕೆಂದು ತಿಳಿಯದೆ ರಸ್ತೆಯ ಕಡೆ ನೋಡಿದ. ಕಾಂತರಾಜು ತಿರುಗಿ ನೋಡದೆಯೇ, "ಹಿಡಿಯೋ ಮನು" ಎಂದ.

ಶಶಿಕುಮಾರ ಫೋನಿನ ಮುಂದೆ ನಿಂತ. ಇಷ್ಟು ವರ್ಷ ಯಾರದೋ ಬೆನ್ನ ಮರೆಯಲ್ಲಿದ್ದವನ ಮುಖದ ಮೇಲೆ ಬಿಸಿಲು ನೇರವಾಗಿ ಬಿದ್ದಿತ್ತು. ಹೆಸರು ಹೇಳಿದ, ಹಾಸನದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವುದಾಗಿ ಹೇಳಿದ. ಹೋದ ವರ್ಷದ ವಿಡಿಯೊದಲ್ಲಿ ಸೊಪ್ಪಿರಲಿಲ್ಲ ಎಂದ ದನಿ ತನ್ನದು, ಅದು ಸುಳ್ಳು, ಈ ಅಣ್ಣಮ್ಮನವರು ಕಲ್ಲಿನ ಮೇಲೆ ಹಲಸಿನ ಸೊಪ್ಪು ಇಟ್ಟಿದ್ದರು, ತಾನು ಕಣ್ಣಾರೆ ಕಂಡಿದ್ದೆ ಎಂದ. ನಾಳೆ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವುದರೊಳಗೆ ಇದು ಬೀದಿಯ ಫೋನುಗಳಲ್ಲೆಲ್ಲ ಇರುತ್ತದೆ ಎಂಬ ಯೋಚನೆ ಬಂತು, ಹೆದರಿಕೆಯೂ ಆಯಿತು, ಆದರೂ ಮಾತು ನಿಲ್ಲಲಿಲ್ಲ. ಹೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದ. ಆಗಲಿಲ್ಲ. ಹಸಿವಾಯಿತು, ಅಷ್ಟೆ.

"ಇಂಗೆ ಕೊಡಪ್ಪ" ಎಂದು ಅಣ್ಣಮ್ಮ ಮನುವಿನಿಂದ ಫೋನು ಇಸಿದುಕೊಂಡಳು. ಒಲೆಯಿಂದಿಳಿಸಿದ ಪಾತ್ರೆಯನ್ನು ಹಿಡಿಯುವ ಹಾಗೆ ಎರಡೂ ಕೈಯ ಬೆರಳ ತುದಿಯಲ್ಲಿ ಹಿಡಿದು, ಜಗುಲಿ ಹತ್ತಿ, ಗಂಡನ ಕಿವಿಗೆ ಒಡ್ಡಿದಳು. ಮನು ಹಿಂದೆಯೇ ಹೋಗಿ ಒತ್ತಿದ. ಬೀರಲಿಂಗಯ್ಯನ ಕೈ ಹಗ್ಗದ ಮೇಲೆ ನಿಂತಿತು. ಶಶಿಕುಮಾರನ ದನಿ ಅಂಗಳದಾಚೆಗೂ ಕೇಳಿತು; ಅದನ್ನು ಶಶಿಕುಮಾರ ತಾನೂ ತಲೆ ತಗ್ಗಿಸದೆ ಕೇಳಿದ. ಮುಗಿದ ಮೇಲೆ ಮುದುಕ, "ಇನ್ನೊಂದ್ ಕಿತ" ಎಂದ. ಮನು ಮತ್ತೆ ಒತ್ತಿದ. ಎರಡನೆಯ ಸಲವೂ ಪೂರ್ತಿ ಕೇಳಿ, ಬೀರಲಿಂಗಯ್ಯ ಗೋಡೆಯ ಕಡೆಯಿಂದ ಹೆಂಡತಿಯ ಕಡೆಗೆ ನಿಧಾನವಾಗಿ ತಿರುಗಿದ. ಅವಳ ತಲೆಯ ಮೇಲಿನ ಹೊಟ್ಟನ್ನು ನೋಡಿದ, ಬೊಬ್ಬೆ ಎದ್ದ ಕೈ ನೋಡಿದ. ಹಗ್ಗ ಪಕ್ಕಕ್ಕಿಟ್ಟ.

"ಸೊಪ್ಪು ಮಡಗಿದ್ದೆ ಅಂತ ನನ್ಗೆ ಒಂದ್ ಮಾತು ಯೋಳ್ಬಾರ್ದಿತ್ತೇನಮ್ಮಿ?"

"ಯೋಳಿದ್ದೆ" ಎಂದಳು ಅಣ್ಣಮ್ಮ.